ರೀನಾ ಹಾಡುತ್ತಿದ್ದ ರೊಂಡೋ

ನನ್ನ ಹೆಂಡತಿ ರೀನಾ ಜರ್ಮನಿಯ ಮ್ಯಾನ್‌ಹೈಮ್‌ನ ಒಂದು ಗಾಯನ ತಂಡದಲ್ಲಿ ರೊಂಡೋ ಹಾಡುತ್ತಿದ್ದಳು. ಅದು ಮಧ್ಯಯುಗದ ಫ್ರೆಂಚ್ ಪ್ರೇಮಗೀತೆ. ಪಲ್ಲವಿ ಮತ್ತೆ ಮತ್ತೆ ಮರಳಿ ಬರುತ್ತದೆ. ಹೋದ ಮಾರ್ಚ್‌ನಲ್ಲಿ ಕ್ಯಾನ್ಸರ್ ಅಂತ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಪಕ್ಕದ ಕೋಣೆಯಿಂದ ಆ ಪಲ್ಲವಿ ಕೇಳಿಸಿತು, ಅವಳದೇ ದನಿಯಲ್ಲಿ. ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಹೀಟರ್ ಮುಟ್ಟಿದರೆ ಬಿಸಿ, ಕೋಣೆ ಮಾತ್ರ ಕೊರೆಯುವ ಚಳಿ. ಪ್ರತಿ ಸಾಲಿಗೂ ಮುಂಚೆ ಉಸಿರೆಳೆದುಕೊಳ್ಳುವ ಸದ್ದು ನನ್ನ ಕಿವಿಯ ಹತ್ತಿರವೇ ಆಗುತ್ತಿತ್ತು.

"ನಿಂಗೂ ಕೇಳ್ತಾ ಇದೆಯಾ?" ಎಂದು ರೀನಾಳನ್ನು ಕೇಳಿದೆ.

ಅವಳು ಅಳುತ್ತಾ ಚೀಟಿಯಲ್ಲಿ ಬರೆದಳು: "ಆಸ್ಪತ್ರೆಯಿಂದ ಬಂದಾಗಿನಿಂದ ಕೇಳ್ತಿದೆ. ನಿಮಗೆ ಕೇಳಲ್ಲ ಅಂದ್ಕೊಂಡಿದ್ದೆ."

ಈಗ ಅದು ದಿನಾ ಹಾಡುತ್ತದೆ. ಒಂದು ವಾರದಿಂದ ಪಲ್ಲವಿಯ ನಡುವೆ ಕೆಮ್ಮುತ್ತಿದೆ, ಕಾಯಿಲೆ ಶುರುವಾದಾಗ ರೀನಾ ಕೆಮ್ಮುತ್ತಿದ್ದ ಹಾಗೆಯೇ.