ಉಪ್ಪಿಟ್ಟು ಮುಟ್ಟದ ಹುಡುಗ

ಒಂದಾನೊಂದು ಕಾಲದಲ್ಲಿ, ಬೆಟ್ಟಸಾಲಿನಾಚೆಯ ರಾಜ್ಯದಲ್ಲಿ ಒಬ್ಬ ರಾಜಕುಮಾರ ಇದ್ದನಂತೆ. ಯಾರದೋ ಶಾಪ, ಅವನು ಉಪ್ಪು ಮುಟ್ಟುವ ಹಾಗಿರಲಿಲ್ಲ. ಸಪ್ಪೆ ಊಟ ಸೇರದೆ ದಿನದಿನಕ್ಕೆ ಸೊರಗುತ್ತಿದ್ದ. ಆಗ ಒಬ್ಬಳು ಹುಡುಗಿ ಬಂದು, "ನಾನು ಉಣ್ಣಿಸ್ತೀನಿ, ತಟ್ಟೇಲಿ ಒಂದಗುಳೂ ಉಳಿಯಲ್ಲ" ಎಂದು ಮಾತು ಕೊಟ್ಟಳಂತೆ.

ಅವಳು ಏನು ಮಾಡಿ ಬಡಿಸಿದಳು?

ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿಗೆ ಗೊರಕೆ. ಸತ್ಯಭಾಮಾ ಮದುವೆ ವಯಸ್ಸಿಗೆ ಬಂದರೂ ಆ ಕಥೆಯ ಕೊನೆ ಕೇಳಿಯೇ ಇರಲಿಲ್ಲ.

೧೯೮೩ರ ಒಂದು ಸಂಜೆ ಜಯನಗರದ ಅವರ ಮಹಡಿ ಮನೆಗೆ ಬದರಿನಾಥ ಹೆಣ್ಣು ನೋಡಲು ಬಂದ. ಬನಶಂಕರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನ ತಾಯಿ ಸರಸರ ಹತ್ತಿ ಬಂದರು. ಅವನು ಮಾತ್ರ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತುಬಿಟ್ಟ.

ಭಾಮಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. 'ಬರೋಕೇ ಇಷ್ಟ ಇಲ್ವೇನೋ...'

ಒಳಗೆ ಬಂದವನು ತಲೆಯೆತ್ತಿ ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ತಟ್ಟೆಯಲ್ಲಿದ್ದ ಕೇಸರಿಬಾತನ್ನು ಬಳಿದು ತಿಂದ. ಪಕ್ಕದ ಉಪ್ಪಿಟ್ಟನ್ನು ಮುಟ್ಟಲೇ ಇಲ್ಲ.

ಅವರು ಹೋದ ಮೇಲೆ ಅಪ್ಪ ಸೇತುರಾಮ ತಟ್ಟೆ ನೋಡಿ ಮುಖ ಗಂಟಿಕ್ಕಿದರು. "ಉಪ್ಪಿಟ್ಟು ಬಿಟ್ಟ ಅಂದ್ರೆ ಸಂಬಂಧ ಬೇಡ ಅಂತ."

"ಸಿಹಿ ತಿಂದನಲ್ಲೋ, ಒಪ್ಪಿಗೆ ಅಂತ," ಎಂದಳು ಅಜ್ಜಿ.

"ಅರ್ಧ ತಟ್ಟೆ ಒಪ್ಪಿಗೆ ಎಲ್ಲಾದ್ರೂ ಇರುತ್ತೇನಮ್ಮ?"

ಭಾಮಾಳಿಗೆ ಏನೂ ತಿಳಿಯಲಿಲ್ಲ. ಆ ಕಣ್ಣು ಹೌದು ಅಂದಿತ್ತು, ತಟ್ಟೆ ಇಲ್ಲ ಅಂದಿತ್ತು. ಯಾವುದನ್ನು ನಂಬುವುದು?

ಅದೇ ವಾರ ತರಕಾರಿಗೆಂದು ಜಯನಗರ ಕಾಂಪ್ಲೆಕ್ಸಿಗೆ ಹೋದಾಗ, ಅಲ್ಲಿ ಕಟ್ಟೆಯ ಮೇಲೆ ಅವನು ಒಬ್ಬನೇ ಕೂತಿದ್ದ. ಅವಳು ನೇರ ಹೋಗಿ ಎದುರಿಗೆ ನಿಂತಳು.

"ನಮ್ಮನೆ ಉಪ್ಪಿಟ್ಟಿಗೆ ಏನಾಗಿತ್ತು?"

"ಉಪ್ಪು ಜಾಸ್ತಿ."

"ರುಚಿ ನೋಡ್ದೆ ಹೇಗೆ ಗೊತ್ತಾಯ್ತು?"

"ನನಗೆ ಈಗ ಎಷ್ಟಿದ್ರೂ ಜಾಸ್ತೀನೇ ರೀ."

ಜಗಳಕ್ಕೆಂದೇ ಬಂದಿದ್ದವಳು ಚೀಲ ಕೆಳಗಿಟ್ಟಳು.

"ಹೃದಯದ ಮಾಂಸವೇ ಬಲ ಕಳ್ಕೊಂಡಿದೆಯಂತೆ," ಎಂದ ಅವನು, ರಸ್ತೆ ನೋಡುತ್ತಾ. "ಹಿಗ್ಗಿ ಸಡಿಲ ಆಗಿದೆ ಅಂದ್ರು ಡಾಕ್ಟ್ರು. ನಿಮ್ಮನೆಗೆ ಬರೋ ಹಿಂದಿನ ದಿನ ಗೊತ್ತಾಗಿದ್ದು. ಅಮ್ಮನಿಗೆ ಇನ್ನೂ ಹೇಳಿಲ್ಲ."

"ವಾಸಿ ಆಗುತ್ತಾ?"

"ಮಾತ್ರೆ ತಗೊಳ್ಳಿ, ಉಪ್ಪು ಬಿಡಿ, ನೋಡೋಣ ಅಂದ್ರು. ನಡೀಬಹುದು, ಓಡಬಾರ್ದು. ನೀರು ಕುಡೀಬಹುದು, ಅಳತೆ ಮಾಡಿ. ನಗಬಹುದಾ ಅಂತ ಕೇಳೋದು ಮರೆತೆ."

ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ.

"ಮತ್ತೆ ನಮ್ಮನೆಗೆ ಯಾಕೆ ಬಂದ್ರಿ?"

"ಬೇಡ ಅಂತ ಹೇಳಿ ಹೋಗೋಣ ಅಂತಲೇ ಬಂದೆ. ನಿಮ್ಮನ್ನ ನೋಡಿದ್ಮೇಲೆ... ಬಾಯೇ ಬರ್ಲಿಲ್ಲ. ಕೇಸರಿಬಾತ್ ತಿಂದ್ಬಿಟ್ಟೆ."

'ಎದ್ದು ಹೋಗು ಭಾಮಾ,' ಎಂದಿತು ಮನಸ್ಸು. ಕಾಲು ಏಳಲಿಲ್ಲ. ಯಾವಾಗ ಕಟ್ಟೆಯ ಮೇಲೆ ಕೂತಿದ್ದಳೋ ಅವಳಿಗೇ ನೆನಪಿಲ್ಲ.

"ಈಗ ಊಟ ಹೇಗೆ?"

"ಹೊಟ್ಟೆ ಸರಿಯಿಲ್ಲ ಅಂತ ಅಮ್ಮನಿಗೆ ಸುಳ್ಳು ಹೇಳಿ ಸಪ್ಪೆ ಗಂಜಿ. ಗಂಟಲಲ್ಲಿ ಇಳಿಯಲ್ಲ."

"ಒಂದು ಊಟ ನಾನು ಹಾಕ್ತೀನಿ. ಉಪ್ಪಿಲ್ಲದೆ. ತಟ್ಟೆ ಖಾಲಿ ಮಾಡಿಸ್ತೀನಿ." ತನ್ನ ಮಾತು ಕೇಳಿ ತಾನೇ ಬೆಚ್ಚಿದಳು. "ಅದಕ್ಕೆ ಮುಂಚೆ ನೀವು ಎರಡೂ ಮನೇಲಿ ನಿಜ ಹೇಳ್ಬೇಕು."

"ಕನಿಕರಾನಾ ಇದು?"

"ಗೊತ್ತಿಲ್ಲ ರೀ."

ಅವನು ನಿಜ ಹೇಳಿದ. ಅವನ ತಾಯಿ ಅತ್ತರು. ಸೇತುರಾಮ ಮಾತ್ರ, "ಒಳ್ಳೆ ಹುಡುಗ. ಆದ್ರೆ ಬೇಡ," ಎಂದರು.

"ಊಟಕ್ಕೆ ಕರೆದಿದ್ದೀನಪ್ಪ. ಅದೊಂದು ಆಗ್ಲಿ."

"ಆಮೇಲೆ?"

ಭಾಮಾ ಎದ್ದು ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಕಥೇಲಿ ಆ ಹುಡುಗಿ ಏನು ಅಡುಗೆ ಮಾಡಿದ್ಲು?"

"ನಂಗೇನು ಗೊತ್ತೇ? ನಮ್ಮಮ್ಮನಿಗೂ ಅಲ್ಲಿಗೆ ನಿದ್ದೆ ಬಂದ್ಬಿಡ್ತಿತ್ತು."

ಭಾನುವಾರ ಭಾಮಾ ನುಗ್ಗೆಕಾಯಿ ಹುಳಿ ಮಾಡಿದಳು. ಉಪ್ಪಿನ ಬದಲು ನಿಂಬೆಹಣ್ಣು, ಶುಂಠಿ, ಮೆಣಸು, ಕೈತುಂಬ ಕೊತ್ತಂಬರಿ. ಅತಿಥಿ ಉಣ್ಣುವ ಮುಂಚೆ ಅಡುಗೆಯ ರುಚಿ ನೋಡುವುದು ಆ ಮನೆಯಲ್ಲಿ ಎಂದೂ ಇರಲಿಲ್ಲ. ಘಮ ನೋಡಿಯೇ 'ಗೆದ್ದೆ' ಅಂದುಕೊಂಡಳು.

ಬದರಿ ಮೊದಲ ತುತ್ತು ತಿಂದು, "ಚೆನ್ನಾಗಿದೆ," ಎಂದ. ಆಮೇಲೆ ಅನ್ನವನ್ನು ಕಲಸುತ್ತಲೇ ಇದ್ದ. ಕೈ ಬಾಯಿಯ ಹತ್ತಿರ ಹೋಗಲಿಲ್ಲ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು.

"ಸಾಕು ರೀ, ಹೊಟ್ಟೆ ತುಂಬ್ತು."

ತುಂಬಿದ್ದು ತಟ್ಟೆ. ಹೊಟ್ಟೆಯಲ್ಲ.

ಭಾಮಾ ಸರಕ್ಕನೆ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಳು. ಅದೇ ಅನ್ನ, ಅದೇ ಹುಳಿ ಬಡಿಸಿಕೊಂಡು ಅವನೆದುರು ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅವಳ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು.

"ಇದು ಹುಳೀನಾ, ಬಟ್ಟೆ ನೆನೆಸಿದ ನೀರಾ?"

ಬದರಿ ನಕ್ಕುಬಿಟ್ಟ. ನಗುತ್ತಾ ನಗುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡ. ಪೇಪರು ಕೆಳಗಿಳಿಯಿತು.

"ಏನಿಲ್ಲ," ಎಂದ ಅವನು ಕಣ್ಣೊರೆಸಿಕೊಂಡು. "ನಗಬಹುದು ಅನ್ಸುತ್ತೆ."

ಅಜ್ಜಿ ಮೊಮ್ಮಗಳ ಕಡೆ ಉಪ್ಪಿನ ಭರಣಿ ಸರಿಸಿದಳು. ಭಾಮಾ ಅದನ್ನು ಹಿಂದಕ್ಕೆ ತಳ್ಳಿದಳು.

"ಅವತ್ತು ಕೇಳಿದ್ರಲ್ಲ, ಕನಿಕರಾನಾ ಅಂತ..." ಅವಳು ಇನ್ನೊಂದು ತುತ್ತು ಕಷ್ಟಪಟ್ಟು ನುಂಗಿದಳು. "ಕನಿಕರಕ್ಕೆ ಇಂಥ ಹುಳಿ ಯಾರೂ ತಿನ್ನಲ್ಲ ರೀ."

ಅವನು ಅವಳನ್ನೇ ನೋಡಿದ, ಅವತ್ತು ನೋಡಿದ ಹಾಗೇ. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದ.

"ಮುಂದೆ ಹೇಗೋ ಏನೋ, ನನಗೆ ಏನೂ ಗೊತ್ತಿಲ್ಲ ಭಾಮಾ," ಎಂದ ಮೆಲ್ಲಗೆ.

"ನನಗೂ ಗೊತ್ತಿಲ್ಲ. ಮೊದಲು ಅನ್ನ ಮುಗ್ಸಿ."

ಸೇತುರಾಮ ಪೇಪರು ಮಡಿಸಿಟ್ಟು ಬಂದು ಅವರ ಪಕ್ಕದಲ್ಲಿ ಕೂತರು. "ಅಮ್ಮ, ನನಗೂ ಬಡಿಸು. ಅದೇ ಹುಳಿ."

ಅಜ್ಜಿ ಬಡಿಸಿದಳು. ಅವತ್ತು ಅವಳಿಗೆ ನಿದ್ದೆ ಬರಲಿಲ್ಲ.

"ದಿನಾ ಹೀಗೇ ಮಾಡ್ತೀರಾ?" ಎಂದ ಬದರಿ.

"ದಿನಾ ಹೀಗೇ ಖಾಲಿ ಮಾಡ್ತೀರಾ?"

ಅವನು ತಟ್ಟೆಯಂಚಿಗೆ ಅಂಟಿದ್ದ ಕೊನೆಯ ಅಗುಳನ್ನು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟುಕೊಂಡು, ತಟ್ಟೆಯನ್ನು ಅವಳತ್ತ ತಿರುಗಿಸಿ ತೋರಿಸಿದ.