ಶಾಂಭವಿ ಫ್ರೀ ಇಲ್ಲ

"ಇದನ್ನ ಮಾಡಿದವ್ರು ಯಾರ್ರಿ?"

ಸುರುಳಿ ಸುತ್ತಿದ ಫ್ಲೆಕ್ಸನ್ನು ಶಾಂಭವಿ ಕೌಂಟರಿನ ಮೇಲೆ ಎಸೆದಳು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಆ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಅಮರೇಶ್ ಎದ್ದು ನಿಂತ.

"ನಾನ ರೀ. ಯಾಕ, ಕಲರ್ ಸರಿ ಬಂದಿಲ್ಲೇನು?"

"ಬಿಚ್ಚಿ ಓದ್ರಿ. ಜೋರಾಗಿ ಓದ್ರಿ."

ಅವನು ಬಿಚ್ಚಿದ. ಮೇಲೆ 'ಶಾಂಭವಿ ಲೇಡೀಸ್ ಟೈಲರ್ಸ್'. ಕೆಳಗೆ ಅವಳ ನಗುಮುಖದ ಫೋಟೋ. ಫೋಟೋದ ಪಕ್ಕ, ಅವಳ ಮುಖಕ್ಕಿಂತ ದೊಡ್ಡದಾಗಿ, ಕೆಂಪು ಅಕ್ಷರದಲ್ಲಿ 'ಫ್ರೀ'.

ಬ್ಲೌಸ್ ಹೊಲಿಸಿದರೆ ಸೀರೆಗೆ ಫಾಲ್ ಫ್ರೀ ಎಂದು ಅವಳು ಹೇಳಿದ್ದಳು. ಹಳದಿ ಬಣ್ಣದ ಮೇಲೆ ಹಳದಿ ಅಕ್ಷರ ಬಿದ್ದು, ಸೀರೆಯೂ ಕಾಣುತ್ತಿರಲಿಲ್ಲ, ಫಾಲೂ ಕಾಣುತ್ತಿರಲಿಲ್ಲ. ಉಳಿದದ್ದು ಶಾಂಭವಿ ಮತ್ತು ಫ್ರೀ.

ಅಮರೇಶ್ ಫ್ಲೆಕ್ಸನ್ನು ಮತ್ತೆ ಸುತ್ತತೊಡಗಿದ.

"ಬೆಳಿಗ್ಗಿಂದ ಗಂಡಸ್ರು ಅಂಗಡಿ ಮುಂದ ನಿಂತು ಓದಿ ನಗಾಕ ಹತ್ಯಾರ. ಬಸ್ ಫ್ರೀ, ಕರೆಂಟ್ ಫ್ರೀ, ಈಗ ಆಕಿನೂ ಫ್ರೀ ಅಂತ. ನಾ ಗಂಡನ್ನ ಬಿಟ್ಟು ಬಂದಾಕಿ ರೀ. ನನ್ನ ಫೋಟೋ ಪಕ್ಕ ಈ ಪದ ಹಾಕಿದ್ರ ಊರು ಏನಂತ ಓದ್ತೈತಿ, ಅಷ್ಟೂ ತಿಳಿಯಂಗಿಲ್ಲ ನಿಮಗ?"

ಅಳಬಾರದು... ಇವನ ಮುಂದೆ ಮಾತ್ರ ಅಳಬಾರದು... ಎಂದುಕೊಂಡಳು. ಕಣ್ಣು ಕೇಳಲಿಲ್ಲ.

ಅವನು ಅವತ್ತೇ ಬೇರೆ ಫ್ಲೆಕ್ಸ್ ಹೊಡೆದು, ತಾನೇ ಏಣಿ ಹತ್ತಿ ಕಟ್ಟಿಹೋದ. ಅದರಲ್ಲಿ ಫೋಟೋ ಇರಲಿಲ್ಲ. ಆ ಪದವೂ ಇರಲಿಲ್ಲ.

ಜಗಳದಿಂದಲೇ ಪ್ರೀತಿ ಹುಟ್ಟುತ್ತದೆ ಎನ್ನುತ್ತಾರೆ. ಎನ್ನುವವರಿಗೇನು ಗಂಟು ಹೋಗುತ್ತದೆ? ಹರಪನಹಳ್ಳಿಯ ಗಂಡನ ಮನೆಯಲ್ಲಿ, ಬಾಗಿಲಲ್ಲಿ ನಿಂತರೂ ಯಾರನ್ನು ನೋಡುತ್ತಿದ್ದೆ ಎಂದು ಕೇಳಿಸಿಕೊಂಡು ಬದುಕಿದವಳು ಶಾಂಭವಿ. ಕೋರ್ಟಿಗೆ ಅಲೆದು ಡೈವೋರ್ಸ್ ಪಡೆದು ತಾಯಿಯ ಮನೆಗೆ ಬಂದರೆ, ಓಣಿ ಅವಳಿಗೆ 'ಗಂಡ ಬಿಟ್ಟಾಕಿ' ಎಂದು ಹೆಸರಿಟ್ಟಿತು. ಅವಳು ಅವನನ್ನು ಬಿಟ್ಟಳೋ, ಅವನು ಅವಳನ್ನು ಬಿಟ್ಟನೋ, ಆ ಮಾತಿನಲ್ಲಿ ಎರಡೂ ಒಂದೇ. ಅಂಥವಳು ಮತ್ತೊಬ್ಬ ಗಂಡಸನ್ನು ನಂಬುವುದು ಸುಲಭವೇ?

ಆದರೂ ನಂಬಿದಳು. ಹೊಸ ಫ್ಲೆಕ್ಸ್ ಸರಿಯಿದೆಯೇ ಎಂದು ಕೇಳಲು ಬಂದ ಅವನ ಜೊತೆ ಮಾತು ಬೆಳೆಯಿತು. ಊಟದ ಹೊತ್ತಿಗೆ ಅವನ ಮೆಸೇಜ್ ಬರುತ್ತಿತ್ತು. 'ಫ್ರೀ ಅದೀಯಾ?'

ಅದೇ ಪದ... ಅವನ ಕೈಯಿಂದ ಬಂದಾಗ ಮಾತ್ರ ಯಾಕೆ ಇಷ್ಟು ಹಿತ! ಕೈಯಲ್ಲಿ ಎಷ್ಟು ಕೆಲಸವಿದ್ದರೂ ಅವಳು 'ಹೂಂ' ಎಂದೇ ಬರೆಯುತ್ತಿದ್ದಳು.

ಮದುವೆಯ ಮಾತುಕತೆಗೆಂದು ಅವನ ಮನೆಯವರು ಬಂದ ದಿನ ಅವಳು ತಾನೇ ಹೊಲಿದುಕೊಂಡ ಹಸಿರು ಬ್ಲೌಸ್ ತೊಟ್ಟಿದ್ದಳು. ಅಮರೇಶನ ಜೊತೆ ಅವನ ತಾಯಿ ಗೀತಮ್ಮ, ಸೋದರಮಾವ ಕೊಟ್ರಬಸಪ್ಪ. ತಂದೆಯಿಲ್ಲದ ಅಮರೇಶನಿಗೆ ಅಂಗಡಿ ಹಾಕಿಕೊಟ್ಟವನು ಈ ಮಾವನೇ. ಮಳಿಗೆಯೂ ಅವನದೇ. ಅವನು ಕೆಮ್ಮಿದರೂ ಆ ಮನೆಯವರು ತಲೆಯಾಡಿಸುತ್ತಿದ್ದರು.

"ಮೊದಲಿನ ಗಂಡನ ಕಡಿಯಿಂದ ಏನೂ ತಕರಾರು ಇಲ್ಲಲ್ಲ?" ಮಾವ ಕೇಳಿದ.

"ಇಲ್ಲ ಮಾವ," ಅಮರೇಶ್ ಗಡಿಬಿಡಿಯಲ್ಲಿ ಉತ್ತರಿಸಿದ. "ಕೋರ್ಟಿಂದು ಎಲ್ಲಾ ಮುಗದೈತಿ. ಈಗ ಆಕಿ ಪೂರಾ ಫ್ರೀ ಅದಾಳ."

ಮಾವ ಮೀಸೆಯಡಿ ನಕ್ಕ. "ಗೊತ್ತೈತಿ ಬಿಡೋ. ಫ್ಲೆಕ್ಸ್‌ನ್ಯಾಗ ಎಲ್ಲಾರೂ ಓದೀವಿ."

ನಗು ಎದ್ದಿತು. ಗೀತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಾಂಭವಿ ಅವರ ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದು ಅಮರೇಶನನ್ನು.

ಅವನೂ ನಕ್ಕ.

ಚಿಕ್ಕ ನಗು. ಮಾವನಿಗೆ ಬೇಜಾರಾಗದಿರಲಿ ಎಂದು ತುಟಿಗೆ ತಂದುಕೊಂಡ ನಗು. ಆದರೆ ನಗು ನಗುವೇ.

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಚಹಾ ಕುಡೀರಿ. ಕುಡದು ಹೋಗ್ರಿ. ಈ ಮನಿ ಹೆಣ್ಣು ನಿಮಗ ಸಿಗಂಗಿಲ್ಲ."

"ಶಾಂಭವಿ, ನಾ ಕೋರ್ಟಿನ ಮಾತಿಗೆ..."

"ನೀ ಅಂದಿದ್ದು ನನಗ ತಿಳೀತು ಅಮರೇಶ. ನಕ್ಕಿದ್ದು ತಿಳೀಲಿಲ್ಲ."

ಅವನ ನಂಬರನ್ನು ಬ್ಲಾಕ್ ಮಾಡಿದಳು. ಊಟದ ಹೊತ್ತಿಗೆ ಕೈ ತಾನಾಗಿ ಫೋನಿನ ಕಡೆ ಹೋದಾಗಲೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಮರತುಬಿಡವ್ವ," ತಾಯಿ ಪಂಪಮ್ಮ ಹೇಳಿದಳು.

ಮರೆಯುವುದಕ್ಕೆ ಅದು ಮಾತಾಗಿದ್ದರೆ ತಾನೆ?

ಬೇಸಿಗೆಯಲ್ಲಿ ಬ್ಲೌಸಿನ ಅಳತೆ ಕೊಡಲು ಬಂದ ಬೊಮ್ಮಮ್ಮ ಸುದ್ದಿ ತಂದಳು. "ಅಮರೇಶ ಅವರ ಮಾವನ ಮನಿ ಸೀಮಂತದಾಗ ಎಲ್ಲಾರ ಮುಂದ ಎದ್ದು ನಿಂತು ಅಂದನಂತ. 'ಅವತ್ತು ನೀವು ಅಂದಿದ್ದು ತಪ್ಪು, ನಾ ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು' ಅಂತ. ಮಾವ ಅಂಗಡಿಗೆ ಬೀಗ ಹಾಕ್ಯಾನ. ಹುಡುಗ ಈಗ ಹಗರಿಬೊಮ್ಮನಹಳ್ಳ್ಯಾಗ ಯಾರದೋ ಕೈ ಕೆಳಗ ಫ್ಲೆಕ್ಸ್ ಕಟ್ಟಾಕ ಹೋಗ್ತಾನ."

ಶಾಂಭವಿ ಅಳೆದ ಸುತ್ತಳತೆಯನ್ನೇ ಮತ್ತೊಮ್ಮೆ ಅಳೆದಳು.

"ತೋಳು ಎಷ್ಟು ಉದ್ದ ಇಡ್ಲಿ ಅಕ್ಕಾ?" ಎಂದಳು.

ಮರುವಾರದ ಮಧ್ಯಾಹ್ನ ಅವನು ಬಂದ. ಬಿಸಿಲಿಗೆ ಕಪ್ಪಾಗಿದ್ದ. ಬೊಮ್ಮಮ್ಮ ಬ್ಲೌಸ್ ಒಯ್ಯಲು ಬಂದು ಕುಳಿತಿದ್ದಳು. ಜೊತೆಗೆ ಇನ್ನಿಬ್ಬರು ಹೆಂಗಸರು.

"ಒಂದು ಮಾತು ಆಡಬೇಕಿತ್ತು," ಎಂದ.

"ಇಲ್ಲೇ ಆಡು. ನೀ ನಕ್ಕಿದ್ದೂ ಮಂದಿ ಮುಂದ."

"ಫ್ರೀ ಅಂತ ನಾ ಕೆಟ್ಟ ಅರ್ಥದಾಗ ಅಂದಿರಲಿಲ್ಲ."

"ಹಂಗಾದ್ರ ಆ ಪದ ಬಿಟ್ಟು ಹೇಳು. ನಮ್ಮ ಭಾಷ್ಯಾಗ ಹೇಳು. ನಾ ಏನು?"

"ಬಿಡುವು..."

"ಅದು ಕೆಲಸ ಇಲ್ಲದಾಕಿಗೆ."

"ಬಿಡುಗಡಿ..."

"ಅದು ಜೇಲಿನಿಂದ ಬಂದಾಕಿಗೆ. ನಿಮ್ಮ ಮಾವ ತಿಳಕೊಂಡಿದ್ದು ಯಾವುದು ಗೊತ್ತೇನು? ಬಿಟ್ಟಿ. ಬಿಟ್ಟಿ ಸಿಕ್ಕಾಕಿ." ಅವಳ ದನಿ ಒಡೆಯಿತು. "ಅದಕ್ಕ ನೀನೂ ನಕ್ಕಿ."

ಹೆಂಗಸರು ತಲೆ ತಗ್ಗಿಸಿದರು.

"ಹಂಗು," ಎಂದ ಅಮರೇಶ್. "ನೀ ಯಾರ ಹಂಗಿನ್ಯಾಗೂ ಇಲ್ಲದಾಕಿ. ನನಗ ಅದ ಸೇರಿದ್ದು. ನಾ ಮಾವನ ಹಂಗಿನ್ಯಾಗ ಇದ್ದೆ ಶಾಂಭವಿ, ಅದಕ್ಕ ನಕ್ಕೆ. ಈಗ ನನ್ನ ಹತ್ರ ಅಂಗಡಿನೂ ಇಲ್ಲ, ಆ ನಗುನೂ ಇಲ್ಲ. ನೀ ಒಲ್ಲೆ ಅಂದ್ರೂ ಇದನ್ನ ಹೇಳಿ ಹೋಗಬೇಕಿತ್ತು. ನೀ ಅಂದ್ರ ನನಗ ಜೀವ."

ಇಷ್ಟು ದಿನ ಎದೆಯಲ್ಲಿ ಗಟ್ಟಿಯಾಗಿದ್ದುದು ಅವಳಿಗೆ ಈಗ ನೋಯತೊಡಗಿತು. ಇವನನ್ನು ಪೂರ್ತಿ ಕ್ಷಮಿಸಲು ಆಗುತ್ತಿಲ್ಲ... ಕಳಿಸಲೂ ಆಗುತ್ತಿಲ್ಲವಲ್ಲ, ದೇವರೇ...

"ಸಿಟ್ಟು ಇನ್ನೂ ಹೋಗಿಲ್ಲ," ಎಂದಳು.

"ಇರ್ಲಿ."

"ಲಗೂನ ಹೋಗಂಗೂ ಇಲ್ಲ."

"ಇರ್ಲಿ. ಕಾಯ್ತೀನಿ." ಅವನು ಹಿಂಜರಿದ. "ಈಗ... ಫ್ರೀ ಅದೀಯಾ?"

ಅವಳು ಕಣ್ಣೊರೆಸಿಕೊಂಡು ಬೊಮ್ಮಮ್ಮನ ಬ್ಲೌಸ್ ಎತ್ತಿಕೊಂಡಳು.

"ಇಲ್ಲ. ಕೆಲಸ ಐತಿ."

ಅವನು ತಲೆಯಾಡಿಸಿ ಹೊರಗೆ ತಿರುಗಿದ. ಹಿಂದಿನಿಂದ ಸ್ಟೂಲು ಸರಿದ ಸದ್ದಾಯಿತು.

"ಕುಂದ್ರು," ಎಂದು ಸೂಜಿ, ಬ್ಲೌಸು, ಒಂದು ಹಿಡಿ ಹುಕ್ಸು ಅವನ ಕೈಗಿಟ್ಟಳು. "ಬಿಟ್ಟಿ ಕುಂದ್ರಬ್ಯಾಡ. ಹುಕ್ಸ್ ಹಚ್ಚು."

"ನನಗ ಬರಂಗಿಲ್ಲಲ್ಲ."

"ಕಲಿ," ಎಂದಳು. "ನಾ ಹೇಳಿಕೊಡ್ತೀನಿ."