ಫೈಲಿನಲ್ಲಿ ತೀರಿಕೊಂಡವಳು

"ನಿನಗ ಯಾರ್ ಕರದ್ರು ಇಲ್ಲಿಗೆ?"

ನಾಲ್ಕು ತಿಂಗಳ ನಂತರ ಗಂಡ ಉತ್ತಮನು ಆಡಿದ ಮೊದಲ ಮಾತು ಅದು. ಬೀದರಿನ ಆ ಆಸ್ಪತ್ರೆಯಲ್ಲಿ, ಬೆಂಚುಗಳ ನಡುವೆ, ಮಹಾಮಾಯಾ ನಿಂತಲ್ಲೇ ನಿಂತಳು. ಉತ್ತಮ ಎಷ್ಟು ಸೊರಗಿದ್ದ...

"ನಾನೇ ಕರದೀನಿ. ಬೈಯೋದಿದ್ರ ನನಗ ಬೈ," ಎಂದ ಪಕ್ಕದಲ್ಲಿದ್ದ ಮಕ್ಬೂಲ. ಭಾಲ್ಕಿಯಲ್ಲಿ ಉತ್ತಮನ ಮೋಟಾರ್ ರಿಪೇರಿ ಅಂಗಡಿಗೆ ಹತ್ತಿಕೊಂಡೇ ಅವನ ಟೇಲರ್ ಅಂಗಡಿ. "ಭಾಬಿ, ಇವಗ ಪ್ರಾಸ್ಟೇಟ್ ಕ್ಯಾನ್ಸರ್ ಅದ. ಮೂತ್ರಚೀಲದ ಕೆಳಗ ಒಂದು ಗ್ರಂಥಿ ಇರ್ತದಲ್ಲ, ಅದರಾಗ."

ಅವಳು ಎದುರಿನ ಬೆಂಚಿನ ಮೇಲೆ ಕುಳಿತಳು.

ಇಬ್ಬರಿಗೂ ಇದು ಎರಡನೆಯ ಸಂಸಾರ. ಮೂರು ವರ್ಷದ ಹಿಂದೆ ಬುದ್ಧ ವಿಹಾರದಲ್ಲಿ ಮದುವೆಯಾದಾಗ ಅವಳಿಗೆ ನಲವತ್ತೇಳು, ಅವನಿಗೆ ಐವತ್ತೆಂಟು. "ಮುದುಕರಿಗೆ ಹಾಸಿಗಿ ಬೇಕಾಗ್ಯಾದ," ಎಂದು ಅವನ ಅಕ್ಕ ಶಾಲುಬಾಯಿಯೇ ನಕ್ಕಿದ್ದಳು. ಆ ನಗೆಯನ್ನೂ ಇಬ್ಬರೂ ಕೂಡಿಯೇ ನುಂಗಿದ್ದರು.

ನಾಲ್ಕು ತಿಂಗಳ ಹಿಂದೊಂದು ಮುಂಜಾನೆ, "ನಿನ್ನ ಜೋಡಿ ನನಗ ಆಗಂಗಿಲ್ಲ, ಸಂತಪುರಕ್ಕ ಹೋಗು," ಎಂದುಬಿಟ್ಟಿದ್ದ. ಔರಾದ ಬಸ್ಸಿನಲ್ಲಿ ತವರಿಗೆ ಮರಳುವಾಗ, ಇನ್ಯಾರೋ ಒಬ್ಬಳಿದ್ದಾಳೆ ಎಂದೇ ಅವಳು ನಂಬಿದ್ದಳು.

ಇನ್ನೊಬ್ಬಳಲ್ಲ... ರೋಗ.

ನರ್ಸ್ ಅವನ ಹೆಸರು ಕೂಗಿದಳು. ಮಹಾಮಾಯಾ ಕೂಡ ಎದ್ದಳು.

"ಗಂಡಸರ ಬ್ಯಾನಿ ಅದ. ಹೆಣ್ಮಕ್ಕಳು ಹೊರಗ ಕೂಡ್ತಾರ," ಎಂದ ಉತ್ತಮ.

"ನಾಲ್ಕು ತಿಂಗಳು ಹೊರಗೇ ಕೂತೀನಿ," ಎಂದು ಅವಳು ಅವನಿಗಿಂತ ಮೊದಲೇ ಒಳಗೆ ಹೋದಳು.

ಡಾಕ್ಟರ್ ತಲೆ ಎತ್ತಿದರು. "ನೀವ್ ಯಾರು ಇವರಿಗೆ?"

"ಹೆಂಡ್ತಿ ರಿ."

ಅವರು ಫೈಲ್ ತಿರುವಿ ನೋಡಿದರು. "ಹೆಂಡ್ತಿ ತೀರಿಕೊಂಡಾರ ಅಂತ ಬರೆಸ್ಯಾರಲ್ಲ?"

"ಮೊದಲನೇಕಿ ತೀರ್ಯಾಳ ರಿ ಸರ್," ಉತ್ತಮ ತೊದಲಿದ. "ಸುಳ್ಳಂತೂ ಹೇಳಿಲ್ಲ."

"ಹೌದ್ರಿ ಸಾಹೇಬ್ರ. ಜೀವ ಇದ್ದ ಎರಡನೇಕಿನ್ನ ಸಂತಪುರದಾಗ ಹೂತು ಬಂದಾರ," ಎಂದಳು ಮಹಾಮಾಯಾ.

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಹಂಗಾದ್ರ ನಾ ಮತ್ತೊಮ್ಮೆ ಹೇಳಬೇಕಾಗ್ತದ. ಒಬ್ಬನೇ ಇದ್ದೀನಿ, ಜೋಡಿ ಓಡಾಡೋರು ಇಲ್ಲ ಅಂದ್ರು. ಅದಕ್ಕ ಆಪರೇಷನ್ ಅಂದೆ. ರೋಗ ಗ್ರಂಥಿ ಬಿಟ್ಟು ಹೊರಗ ಹೋಗಿಲ್ಲ. ಆ ಗ್ರಂಥಿ ತೆಗೆದ್ರ ಒಂದೇ ಸಲಕ್ಕ ಮುಗೀಬಹುದು. ಆದ್ರ ಕೆಲವು ತಿಂಗಳು ಮೂತ್ರ ತಡಿಯೋದು ಕಷ್ಟ. ಗಂಡ ಹೆಂಡ್ತಿ ಕೂಡೋದಕ್ಕೂ ಕೂಡ್ಲೇ ಪೆಟ್ಟು ಬೀಳಬಹುದು."

"ಇನ್ನೊಂದು ದಾರಿ ಇಲ್ಲೇನ್ರಿ?" ಎಂದಳು ಮಹಾಮಾಯಾ.

"ಕರೆಂಟ್ ಕೊಡೋದು, ಅಂದ್ರ ರೇಡಿಯೇಷನ್. ವಾರಕ್ಕ ಐದು ದಿನದಂಗ ಹಲವು ವಾರ, ಊರು ಬಿಟ್ಟು, ಆ ಮಷೀನ್ ಇರೋ ಊರಾಗ ಇರಬೇಕು. ಅದರ ಜೋಡಿ ಇಂಜೆಕ್ಷನ್, ಅದು ನಡಿಯೋತನ ಆಸೆ ಕುಗ್ತದ. ಕೆಲವರಿಗೆ ಮಲದಾಗ ರಕ್ತ, ಉರಿ. ಗಂಡಸುತನಕ್ಕ ಪೆಟ್ಟು ಇದರಾಗೂ ಅದ, ಆದ್ರ ನಿಧಾನಕ್ಕ ಬರ್ತದ. ಜೀವ ಉಳಿಸೋದ್ರಾಗ ಇವರ ಮಟ್ಟಿಗೆ ಎರಡೂ ಹತ್ರ ಹತ್ರ."

"ಏನೂ ಕಳಕೊಳ್ಳದ ದಾರಿ...?"

"ಇಲ್ಲಮ್ಮ. ಆದ್ರ ಅವಸರನೂ ಇಲ್ಲ. ಕರೆಂಟ್ ಕೊಡೋ ಡಾಕ್ಟರಿಗೂ ಕಾಣ್ರಿ. ಇಬ್ರೂ ವಿಚಾರ ಮಾಡ್ರಿ."

ಹೊರಗೆ ಬಂದಾಗ ಮಕ್ಬೂಲ ಇಬ್ಬರ ಮುಖ ನೋಡಿದ. "ನಾ ಚಾ ತರ್ತೇನಿ. ಅರ್ಧ ತಾಸು ಹಿಡಿತದ," ಎಂದು ಹೋಗಿಬಿಟ್ಟ.

ಉತ್ತಮ ಬೆಂಚಿನ ಮೇಲೆ ಕುಳಿತ.

"ನನ್ನಿಂದ ಇನ್ನ ಏನೂ ಆಗಂಗಿಲ್ಲ ಅಂತ ಗೊತ್ತಾದ್ರ ನೀ ಬಿಟ್ಟು ಹೋಗ್ತಿ ಅಂತ ಹೆದರಿದ್ದೆ."

"ಅದಕ್ಕ ನೀವೇ ಕಳಸಿದ್ರಿ."

ತೊಡೆಯ ಮೇಲಿನ ಫೈಲನ್ನು ಅವನು ಮಗುಚಿಟ್ಟ.

"ಅದೆಲ್ಲ ನನಗ ಬ್ಯಾಡ ಅಂತ ಸುಳ್ಳು ಹೇಳಂಗಿಲ್ಲ," ಎಂದಳು ಅವಳು, ಧ್ವನಿ ತಗ್ಗಿಸಿ. "ಬೇಕು ನನಗ. ಹೋದ್ರ ಅಳ್ತೇನಿ. ಆದ್ರ ಆ ಅಳು ನನ್ನದಿತ್ತು. ನನಗ ಕೇಳದೇ ನೀವು, ಇಷ್ಟು ದಿನ ಮುಚ್ಚಿಟ್ಟ ಮಕ್ಬೂಲಭಾಯಿ, ಡಾಕ್ಟರ್... ಮೂರು ಗಂಡಸರು ಕೂಡಿ ನನ್ನ ಸಂಸಾರ ಮುಗಿಸಿದ್ರಿ."

ಅವನ ಕಣ್ಣು ತುಂಬಿತು. "ನಾ ಪ್ರೀತಿ ಮಾಡಿದ್ದಕ್ಕೇ ತಪ್ಪು ಮಾಡೀನಿ, ಮಾಯಾ. ಯಾವುದು ಮಾಡಿಸ್ಲಿ? ನೀ ಹೇಳು."

"ಕರೆಂಟಿನ ಡಾಕ್ಟರಿಗೆ ಕೇಳೋಣು. ಅವರು ಹೂಂ ಅಂದ್ರ ಅದೇ. ಹೋಗೋದು ಹೋಗೇ ಹೋಗ್ತದ ಅಂದ್ರ ನಿಧಾನಕ್ಕ ಹೋಗಲಿ. ಆ ಊರಾಗ ಖೋಲಿ ಹಿಡಿಯೋಣು, ನಾ ಅಂಗನವಾಡಿ ಕೆಲಸಕ್ಕ ರಜಾ ಹಾಕ್ತೇನಿ."

"ಸಿಟ್ಟು ಇಳಿತೇನು?"

"ಇಲ್ಲ."

"ಮತ್ತ... ಬರ್ತಿ?"

"ಸಿಟ್ಟಿನ್ಯಾಗೇ ಬರ್ತೇನಿ. ಈಗ ಸರೀರಿ ಅತ್ತಾಗ, ಕಾಲು ನೋಯಕತ್ಯಾವ."

ಅವನು ಸರಿದ. ಅವಳು ಕುಳಿತಳು.